ಪ್ರಾಚೀನ ಗ್ರಾಮಾಡಳಿತವೂ ನಮ್ಮ ಗ್ರಾಮಸಭೆಯೂ

ಚರ್ಚಾಸ್ಪರ್ಧೆಗಳಲ್ಲಿಯೂ ರಾಷ್ಟ್ರೀಯ ಹಬ್ಬಗಳ ಭಾಷಣಗಳಲ್ಲಿಯೂ ನಮ್ಮ ಪ್ರಾಚೀನ ಗ್ರಾಮಗಳ ಮಾತು ಬಂದಾಗಲೆಲ್ಲ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಒಂದು ಪಕ್ಷದವರು, ಹಿಂದಿನ ಹಳ್ಳಿಗಳು ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದ ಪುಟ್ಟ ಗಣರಾಜ್ಯಗಳೆಂದೂ, ಅರಸರು ಬದಲಾದರೂ ಅವು ಅಲುಗಲಿಲ್ಲವೆಂದೂ ಹೇಳುತ್ತಾರೆ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಆಂಗ್ಲ ಅಧಿಕಾರಿ ಬರೆದ ಟಿಪ್ಪಣಿಯಿಂದ ಈ ಹೊಗಳಿಕೆ ಪ್ರಸಿದ್ಧಿಗೆ ಬಂದಿತು. ಇನ್ನೊಂದು ಪಕ್ಷದವರು ಡಾ. ಅಂಬೇಡ್ಕರರನ್ನು ನೆನೆಯುತ್ತಾರೆ. ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಈ ಹೊಗಳಿಕೆಯನ್ನು ನಿಷ್ಠುರವಾಗಿ ತಳ್ಳಿಹಾಕಿ, ಹಳ್ಳಿಯೆಂಬುದು ಅಜ್ಞಾನಕ್ಕೂ ಜಾತಿಯ ಸಂಕುಚಿತತೆಗೂ ನೆಲೆಯಾಗಿದೆಯೆಂದು ಹೇಳಿದರು. ಹಾಗಿದ್ದರೂ ಅದೇ ಸಭೆ ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ 40ನೆಯ ವಿಧಿಯನ್ನು ಅಂಗೀಕರಿಸಿತು.

ಈ ಎರಡು ಪಕ್ಷಗಳ ನಡುವೆ ನಿಂತು ಯಾರು ಸರಿ ಎಂದು ತೀರ್ಪು ಕೊಡುವ ಪಾಂಡಿತ್ಯ ಅಂತಿಮ ಬಿ. ಎ. ವಿದ್ಯಾರ್ಥಿಯಾದ ನನಗಿಲ್ಲ. ಆದರೆ ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವವನಾಗಿಯೂ, ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯಿಂದ ಮನೆಗೆ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದವನಾಗಿಯೂ ನನಗೆ ತೋರಿದ ಒಂದು ವಿಚಾರವನ್ನು ವಾಚಕ ಮಿತ್ರರ ಮುಂದಿಡುತ್ತೇನೆ. ಹಿಂದಿನ ಹಳ್ಳಿಯಲ್ಲಿ ಊರಿನ ಲೆಕ್ಕ ಊರಿನ ಕಣ್ಣೆದುರಿಗೆ ಇತ್ತು, ಆದರೆ ಊರಿನ ಸಭೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇಂದು ಬಾಗಿಲು ತೆರೆದಿದೆ, ಲೆಕ್ಕ ಕಣ್ಮರೆಯಾಗಿದೆ. ಹಳೆಯದನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಹೊರಡುವ ಮೊದಲು ಈ ಎರಡನ್ನೂ ಒಟ್ಟಿಗೆ ತರುವ ಬಗೆಯನ್ನು ನಾವು ಯೋಚಿಸಬೇಕು.

ಮೊದಲು ನಮ್ಮ ಜಿಲ್ಲೆಯ ಕಲ್ಲುಗಳನ್ನೇ ಕೇಳೋಣ. ಬಿ. ಎಲ್. ರೈಸ್ ಅವರು ಸಂಗ್ರಹಿಸಿದ ಶಾಸನಗಳಲ್ಲಿ ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟಗಳು ಮೀಸಲಾಗಿವೆ. ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟ 1902ರಲ್ಲಿಯೂ 8ನೆಯ ಸಂಪುಟ 1904ರಲ್ಲಿಯೂ ಹೊರಬಂದವು. ಅಷ್ಟು ದೂರ ಹೋಗಲಾರದವರು ಶಿವಮೊಗ್ಗ ನಗರದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದರೂ ಸಾಕು, ವೀರಗಲ್ಲುಗಳೂ ಶಾಸನಗಳೂ ನೋಡಸಿಗುತ್ತವೆ. ಅರಸರ ಬಿರುದುಗಳ ಸಾಲುಗಳನ್ನು ದಾಟಿ ಮುಂದೆ ಓದಿದರೆ ಅಲ್ಲಿ ಹಳ್ಳಿಯ ಜನ ಕಾಣತೊಡಗುತ್ತಾರೆ. ಊರಿನ ಮುಖ್ಯನಾದ ಗಾವುಂಡ, ಲೆಕ್ಕ ಬರೆಯುವ ಸೇನಬೋವ, ಕಾವಲಿನ ತಳವಾರ, ಅಗ್ರಹಾರವಾದರೆ ಅಲ್ಲಿನ ಮಹಾಜನರು ಹೀಗೆ ಒಬ್ಬೊಬ್ಬರೂ ಬರುತ್ತಾರೆ. ಹಲವು ಊರುಗಳು ಸೇರಿ ಒಂದು ನಾಡು. ಅದರ ಹಿರಿಯನೇ ನಾಳ್ಗಾವುಂಡ. ಬನವಾಸಿ ಹನ್ನೆರಡು ಸಾಸಿರದೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ನಾಡುಗಳಿದ್ದವು.

ಈ ಜನ ಮಾಡುತ್ತಿದ್ದ ಕೆಲಸಗಳೂ ಕಲ್ಲಿನಲ್ಲಿವೆ. ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿದವನಿಗೆ ಆ ಕೆರೆಯ ಕೆಳಗೇ ಭೂಮಿ ಬಿಡುತ್ತಿದ್ದರು. ಇದಕ್ಕೆ ಕಟ್ಟುಕೊಡಗೆ, ಕೆರೆಗೊಡಗೆ, ದಸವಂದ ಎಂಬ ಹೆಸರುಗಳಿವೆ. ಕೆರೆ ಚೆನ್ನಾಗಿದ್ದರೆ ಮಾತ್ರ ಅವನ ಗದ್ದೆಗೆ ನೀರು. ಆದ್ದರಿಂದ ಏರಿಯ ಮೇಲೆ ಅವನಿಗೇ ಕಣ್ಣು. ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಸತ್ತವನಿಗೆ, ಊರಳಿವಿನಲ್ಲಿ ಕಾದಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಕೊಡುತ್ತಿದ್ದರು. ಕೊಟ್ಟ ಭೂಮಿಯ ಮೇರೆ ಯಾವುದು, ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಹಳ್ಳ ಎಂಬುದನ್ನು ಕಂಡರಿಸಿ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಾಪವನ್ನೂ ಸೇರಿಸುತ್ತಿದ್ದರು. ಕಲ್ಲು ನಿಲ್ಲುತ್ತಿದ್ದದ್ದು ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ. ಓದು ಬಾರದವನೂ ಅದನ್ನು ದಿನವೂ ಕಾಣುತ್ತಿದ್ದನು. ಓದು ಬಲ್ಲವನಿಂದ ಕೇಳಿ ತಿಳಿಯಲು ಅವಕಾಶವಿತ್ತು.

ನಮ್ಮ ಜಿಲ್ಲೆ ಹೆಮ್ಮೆಪಡಬೇಕಾದ ಇನ್ನೊಂದು ಸಂಗತಿಯುಂಟು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ರಾಷ್ಟ್ರಕೂಟರ ಕಾಲದ್ದು, 10ನೆಯ ಶತಮಾನದ ಆರಂಭದ್ದು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ತೀರಿಕೊಂಡ ಮೇಲೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂದಿತೆಂದೂ, ಆಕೆ ಅದನ್ನು ಸಮರ್ಥಳಾಗಿ ನಡೆಸಿದಳೆಂದೂ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಬಂದಳಿಕೆಯ ಬಸದಿಯಲ್ಲಿ ವ್ರತವಿಡಿದು ದೇಹವನ್ನು ಬಿಟ್ಟಳೆಂದೂ ಅದು ಹೇಳುತ್ತದೆ. ಸುಮಾರು 1100 ವರ್ಷಗಳ ಹಿಂದೆ ಎಪ್ಪತ್ತರ ನಾಡೊಂದನ್ನು ಒಬ್ಬ ಹೆಂಗಸು ಆಳಿದಳೆಂಬುದು ಸಾಮಾನ್ಯವಾದ ಮಾತಲ್ಲ.

ಹೀಗೆ ಊರಿಗೆ ಊರೇ ತನ್ನ ಕೆಲಸ ನೋಡಿಕೊಂಡದ್ದು ನಮ್ಮ ದೇಶದ ವಿಶೇಷವೆಂದು ಮಾತ್ರ ಭಾವಿಸಬಾರದು. ಹಿಂದಿನ ಯಾವ ಸಾಮ್ರಾಜ್ಯಕ್ಕೂ ಹಳ್ಳಿಹಳ್ಳಿಗೆ ತನ್ನ ಅಧಿಕಾರಿಯನ್ನು ಕಳುಹಿಸುವ ಶಕ್ತಿ ಇರಲಿಲ್ಲ. ರೋಮನ್ ಸಾಮ್ರಾಜ್ಯವನ್ನೇ ನೋಡಿರಿ. ಸಿರಿಯಾ ದೇಶದ ಹೌರಾನ್ ಪ್ರದೇಶದ ಹಳ್ಳಿಗಳಲ್ಲಿ, ಊರಿನ ಹಣದಿಂದ ಊರಿನವರ ಮೇಲ್ವಿಚಾರಣೆಯಲ್ಲಿ ಕಟ್ಟಡಗಳು ಆದುವೆಂದು ಗ್ರೀಕ್ ಭಾಷೆಯ ಶಾಸನಗಳು ಹೇಳುತ್ತವೆ. ನಮ್ಮ ಕೆರೆಯ ಶಾಸನಗಳಿಗೆ ಅವು ಅಣ್ಣತಮ್ಮಂದಿರಂತಿವೆ. ಈಜಿಪ್ಟಿನಲ್ಲಿ ಪ್ರತಿ ಹಳ್ಳಿಗೂ ಹಿರಿಯರಿದ್ದರು. ನಮ್ಮ ಸೇನಬೋವನಂತೆ ಊರಿನ ಕರಣಿಕನೂ ಇದ್ದು, ಭೂಮಿಯ ಪಟ್ಟಿ, ತೆರಿಗೆ ಕೊಡುವವರ ಪಟ್ಟಿ ಎಲ್ಲವನ್ನೂ ಅವನೇ ಮೇಲಕ್ಕೆ ಒಪ್ಪಿಸಬೇಕಾಗಿತ್ತು. ಅಲ್ಲಿನ ಒಣ ಮರಳಿನಲ್ಲಿ ಪಪೈರಸ್ ಹಾಳೆಗಳು ಕೆಡದೆ ಉಳಿದಿರುವುದರಿಂದ ಆ ಕರಣಿಕರ ಕಾಗದಪತ್ರಗಳೇ ನಮಗೆ ಸಿಕ್ಕಿವೆ.

ಅವುಗಳಲ್ಲಿ ಒಂದು ಬಹಳ ಸ್ವಾರಸ್ಯವಾದುದು. ಕ್ರಿ. ಶ. 184ರ ಸುಮಾರಿಗೆ ಫಯೂಮ್ ಪ್ರಾಂತದಲ್ಲಿ ಪೆತಾವುಸ್ ಎಂಬ ಕರಣಿಕನಿದ್ದನು. ಊರಿನ ಲೆಕ್ಕವೆಲ್ಲ ಅವನ ಹೆಸರಿನಲ್ಲಿ ಹೋಗಬೇಕು; ಆದರೆ ಅವನಿಗೆ ಓದು ಬರಹ ಬಾರದು. ತನ್ನ ಹೆಸರು, ಹುದ್ದೆ, ಒಪ್ಪಿಸಿದ್ದೇನೆ ಎಂಬ ಮಾತು ಇಷ್ಟನ್ನು ಚಿತ್ರ ಬರೆದಂತೆ ಬರೆಯಲು ಅವನು ಒಂದು ಹಾಳೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದಾನೆ. ನಡುವೆ ಒಂದು ಅಕ್ಷರ ಬಿಟ್ಟುಹೋಯಿತು. ಅಲ್ಲಿಂದ ಮುಂದೆ ಆ ತಪ್ಪನ್ನೇ ಇಳಿಸುತ್ತ ಹೋದನು. ಪಕ್ಕದ ಊರಿನ ಕರಣಿಕನೊಬ್ಬನ ಮೇಲೆ ಅಕ್ಷರ ಬಾರದವನೆಂಬ ದೂರು ಬಂದಾಗ, ಸಹಿ ಹಾಕಲು ಬರುತ್ತದೆ, ಆದ್ದರಿಂದ ಅವನು ನಿರಕ್ಷರಿಯಲ್ಲ ಎಂದು ಪೆತಾವುಸನೇ ಸಮರ್ಥನೆ ಹೇಳಿದ್ದಾನೆ! ನಮ್ಮ ತರಗತಿಯಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಆದರೆ ಬರೆದದ್ದೇನೆಂದು ಓದದೆ ಸಹಿ ಹಾಕುವ ಪದ್ಧತಿ ಪೆತಾವುಸನೊಡನೆ ಮುಗಿಯಿತೆಂದು ಎದೆಮುಟ್ಟಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ರೋಮನರು ಹಳ್ಳಿಗಳನ್ನು ತಮ್ಮ ಪಾಡಿಗೆ ಬಿಟ್ಟದ್ದು ಪ್ರೀತಿಯಿಂದಲ್ಲ, ತೆರಿಗೆಯ ಸುಲಭಕ್ಕಾಗಿ. ತೆರಿಗೆ ಹೊರಲಾರದೆ ಮನೆಬಿಟ್ಟು ಓಡಿಹೋದ ಒಕ್ಕಲುಗಳ ಸಂಗತಿಯೂ ಆ ಪಪೈರಸ್‌ಗಳಲ್ಲಿದೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಮೈಸೂರು ಸಂಸ್ಥಾನದ ಅಮಲ್ದಾರರು ಇಷ್ಟು ಹಣ ವಸೂಲು ಮಾಡಿಕೊಡುತ್ತೇವೆಂದು ಶರತ್ತು ಬರೆದುಕೊಟ್ಟು ರೈತರನ್ನು ಹಿಂಡಿದಾಗ, 1830-31ರಲ್ಲಿ ನಮ್ಮ ಈ ಸೀಮೆಯಲ್ಲಿಯೇ ನಗರದ ದಂಗೆ ಎದ್ದಿತು. ಅದರ ಫಲವಾಗಿ 1831ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಅದು ಅರಸರಿಗೆ ಮರಳಿದ್ದು 1881ರಲ್ಲಿ. ಊರಿನ ಲೆಕ್ಕ ಊರಿನವರ ಕೈತಪ್ಪಿ ಹೋದರೆ ಎಂತಹ ಗತಿ ಬರುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟು ಹೊಗಳಿಕೆಯ ಮಾತಾಯಿತು. ಈಗ ಆ ಸಭೆಯಲ್ಲಿ ಕುಳಿತವರು ಯಾರು ಎಂಬ ಪ್ರಶ್ನೆಗೆ ಬರೋಣ. ಗ್ರಾಮಸಭೆಗಳ ಚರಿತ್ರೆಯಲ್ಲಿ ಎಲ್ಲರೂ ಹೆಸರಿಸುವುದು ತಮಿಳುನಾಡಿನ ಉತ್ತರಮೇರೂರಿನ ಶಾಸನಗಳನ್ನು. 10ನೆಯ ಶತಮಾನದಲ್ಲಿ ಚೋಳ ಪರಾಂತಕನ ಕಾಲಕ್ಕೆ ಸೇರಿದ ಇವುಗಳಲ್ಲಿ, ಓಲೆಗಳನ್ನು ಕೊಡದಲ್ಲಿ ಹಾಕಿ ಎತ್ತಿ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವಿದೆ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ, ಅವನ ಹತ್ತಿರದ ನೆಂಟರೂ ಮತ್ತೆ ಆಯ್ಕೆಗೆ ಅನರ್ಹರೆಂಬ ನಿಯಮವೂ ಇದೆ. ಈ ನಿಯಮ ಇಂದು ಜಾರಿಗೆ ಬಂದರೆ ಎಷ್ಟು ಕುರ್ಚಿಗಳು ಬರಿದಾಗುವುವೋ ವಾಚಕರೇ ಊಹಿಸಲಿ. ಆದರೆ ಅದೇ ಶಾಸನ, ಆಯ್ಕೆಯಾಗುವವನಿಗೆ ಸ್ವಂತ ಭೂಮಿಯಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ವೇದವನ್ನು ಬಲ್ಲವನಾಗಿರಬೇಕು ಎಂದೂ ವಿಧಿಸುತ್ತದೆ. ಅದು ಬ್ರಾಹ್ಮಣರ ಸಭೆ. ನಮ್ಮ ಅಗ್ರಹಾರಗಳ ಮಹಾಜನರದೂ ಅದೇ ಬಗೆ. ಬೇರೆ ಊರುಗಳಲ್ಲಿ ಗಾವುಂಡರು, ಭೂಮಿಯುಳ್ಳ ಒಕ್ಕಲುಗಳು. ಜಕ್ಕಿಯಬ್ಬೆಯ ಅಧಿಕಾರವೂ ನಾಳ್ಗಾವುಂಡನ ಮನೆತನದ ಮೂಲಕ ಬಂದುದು. ಆ ನಾಡಿನ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರಿಗೆ ಅದರಿಂದ ಸಭೆಯಲ್ಲಿ ಜಾಗ ದೊರೆಯಲಿಲ್ಲ.

ಇದು ನನಗೆ ಪುಸ್ತಕದ ವಿಚಾರ ಮಾತ್ರವಲ್ಲ. ನನ್ನ ಮುತ್ತಜ್ಜ ನಮ್ಮೂರಿನ ನೀರಗಂಟಿಯಾಗಿದ್ದರು. ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಕೋಡಿ ಬಿದ್ದಾಗ ಇರುಳೆಲ್ಲ ಏರಿ ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯ ತರುವುದು ಅವರ ಸಂಬಳ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕು, ಏರಿಯ ಯಾವ ಭಾಗ ಜಿನುಗುತ್ತದೆ ಎಂಬುದು ಊರಿನಲ್ಲಿ ಅವರಷ್ಟು ಬಲ್ಲವರಿರಲಿಲ್ಲವೆಂದು ನನ್ನ ಅಜ್ಜ ಹೇಳುತ್ತಾರೆ. ಆದರೆ ನೀರಿನ ವ್ಯಾಜ್ಯ ಪಟೇಲರ ಜಗಲಿಗೆ ಬಂದಾಗ ಮುತ್ತಜ್ಜ ನಿಲ್ಲುತ್ತಿದ್ದದ್ದು ಅಂಗಳದಲ್ಲಿ. ಕೇಳಿದ್ದಕ್ಕೆ ಉತ್ತರ ಹೇಳಬೇಕು, ತೀರ್ಪಿನಲ್ಲಿ ಬಾಯಿ ಹಾಕಬಾರದು. ಗ್ರಾಮ ಗಣರಾಜ್ಯವೆಂದು ಯಾರಾದರೂ ವೇದಿಕೆಯ ಮೇಲೆ ಗಟ್ಟಿಯಾಗಿ ಹೇಳಿದಾಗ ನನಗೆ ಆ ಅಂಗಳ ನೆನಪಾಗುತ್ತದೆ.

ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಇದನ್ನೇ ಇನ್ನಷ್ಟು ದೊಡ್ಡದಾಗಿ ತೋರಿಸಿತು. ಅಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗದ ಅಳತೆಯೇ ಜಗಳದ ಮೂಲ. ಒಡೆಯರ ಕೊಳಗ ದೊಡ್ಡದಾಯಿತೆಂದು ಗೇಣಿದಾರರು ಕೇಳಿದಾಗ ಊರಿನೊಳಗೆ ನ್ಯಾಯ ದೊರೆಯಲಿಲ್ಲ. ಅಳೆಯುವವನೂ ತೀರ್ಪು ಹೇಳುವವನೂ ಒಂದೇ ಕಡೆಯವರಾದರೆ ದೊರೆಯುವುದಾದರೂ ಹೇಗೆ? 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಒಂದು ಕೊಳಗದ ಲೆಕ್ಕ ಸರಿಯಾಗುವುದಕ್ಕೆ ಸೆರೆಮನೆ ತುಂಬಬೇಕಾಯಿತು.

ಅಲ್ಲಿಂದೀಚೆಗೆ ಬಾಗಿಲುಗಳು ಒಂದೊಂದಾಗಿ ತೆರೆದವು. 1961ರ ಕಾಯಿದೆಯಂತೆ 1963ರಲ್ಲಿ ಪಟೇಲಿಕೆ, ಶಾನುಭೋಗಿಕೆ ಮೊದಲಾದ ವಂಶಪಾರಂಪರ್ಯ ಗ್ರಾಮಾಧಿಕಾರಗಳು ರದ್ದಾದವು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಬಂದಿತು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ಆದ 1983ರ ಕಾಯಿದೆ ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯಿತಿಗಳನ್ನೂ ತಂದು, ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯಿದೆ ಬಂದಿತು. 2010ರಲ್ಲಿ ಸ್ತ್ರೀಯರ ಮೀಸಲಾತಿ ಅರ್ಧಕ್ಕೇರಿತು. ಇಂದು ನೀರಗಂಟಿಯ ಮೊಮ್ಮಗಳು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಬಹುದು. ಹದಿನೆಂಟು ತುಂಬಿದ ಪ್ರತಿಯೊಬ್ಬ ಮತದಾರನೂ ಗ್ರಾಮಸಭೆಯ ಸದಸ್ಯ. ಉತ್ತರಮೇರೂರಿನ ಸಭೆಗೆ ಇಲ್ಲದ ಹಿರಿಮೆ ಇದು.

ಹಾಗಾದರೆ ಈ ತೆರೆದ ಬಾಗಿಲಿನೊಳಗೆ ಏನು ನಡೆಯುತ್ತಿದೆ? ನಾನು ಕಂಡ ಒಂದು ಗ್ರಾಮಸಭೆಯ ಸಂಗತಿ ಹೇಳುತ್ತೇನೆ. ಜನ ಬಂದಿದ್ದರು; ಮನೆ ಮಂಜೂರಾದವರ ಪಟ್ಟಿ ಓದುವರೆಂದು ಬಂದಿದ್ದರು. ಪಟ್ಟಿ ಮುಗಿದೊಡನೆ ಮುಕ್ಕಾಲು ಪಾಲು ಎದ್ದುಹೋದರು. ಒಬ್ಬ ಸದಸ್ಯೆ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದರು. ಅವರ ಪರವಾಗಿ ಯಜಮಾನರು ವೇದಿಕೆಯ ಮೇಲಿಂದ ಮಾತನಾಡಿದರು. ವರ್ಷದ ಜಮಾಖರ್ಚನ್ನು ಯಾರ ಕಿವಿಗೂ ಬೀಳದ ವೇಗದಲ್ಲಿ ಓದಿದರು. ಅಷ್ಟರೊಳಗೆ ಸಹಿಯ ಪುಸ್ತಕ ಕೈಯಿಂದ ಕೈಗೆ ಹೋಗಿ ತುಂಬಿಯಾಗಿತ್ತು. ಕೆರೆಯ ಕೆಲಸದ ಖರ್ಚಿನ ವಿವರವೇನು ಎಂದು ನಾನು ಎದ್ದು ಕೇಳಿದೆ. "ಕಡತ ಆಫೀಸಿನಲ್ಲಿದೆ, ಬಂದು ನೋಡ್ಕೊಳಪ್ಪ" ಎಂದರು. ಮೂರು ಸಲ ಹೋದ ಮೇಲೆ ಕಡತ ಸಿಕ್ಕಿತು.

ಮಿತ್ರರು ಇಲ್ಲಿ ದೊಡ್ಡ ಹಗರಣವನ್ನು ನಿರೀಕ್ಷಿಸಬಹುದು. ಅಂತಹುದೇನೂ ಇರಲಿಲ್ಲ. ರಸೀದಿಗಳಿದ್ದವು, ಕೂಡಿದ ಮೊತ್ತ ಸರಿಯಾಗಿತ್ತು. ಹಣವೆಲ್ಲ ರಸ್ತೆಯ ಬದಿಯ ಏರಿಯ ಮೇಲಿನ ಜಂಗಲ್ ಕಡಿಸುವುದಕ್ಕೂ ಮಣ್ಣು ಹೊಡೆಸುವುದಕ್ಕೂ ಹೋಗಿತ್ತು. ಸೋರುತ್ತಿದ್ದದ್ದು ತೂಬು. ಅದನ್ನು ಅಜ್ಜನಿಗೆ ಹೇಳಿದಾಗ, "ತೂಬು ಸೋರೋದು ಊರಿಗೆಲ್ಲ ಗೊತ್ತಲ್ಲೋ, ಯಾರೂ ಹೇಳ್ಲಿಲ್ವಾ?" ಎಂದರು. ಯಾರೂ ಹೇಳಿರಲಿಲ್ಲ. ಮುತ್ತಜ್ಜನ ಕಾಲದಲ್ಲಿ ಬಲ್ಲವನನ್ನು ಅಂಗಳದಲ್ಲಿ ನಿಲ್ಲಿಸಿದರು. ಈಗ ಬಲ್ಲವರು ತಾವಾಗಿಯೇ ಮನೆಯಲ್ಲಿ ಉಳಿದಿದ್ದಾರೆ. ಕೆರೆಗೆ ಎರಡೂ ಒಂದೇ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಕೂಲಿ ಬಿಟ್ಟು ಸಭೆಗೆ ಬಂದು ಕೂರಲು ಬಡವನಿಗೆ ಸಾಧ್ಯವೇ ಎನ್ನುತ್ತಾರೆ. ನಿಜ, ಆ ಮಾತು ನನ್ನ ಮನೆಯವರಿಗೂ ಅನ್ವಯಿಸುತ್ತದೆ. ಆದ್ದರಿಂದಲೇ ಸಭೆಯನ್ನು ಕೆಲಸದ ಹೊತ್ತಿನಲ್ಲಿ ಕರೆಯದೆ ಸಂಜೆ ಕರೆಯಬೇಕು. ಊರಿನ ಕೆಲಸ ಅಧಿಕಾರಿಗಳೇ ನೋಡಿಕೊಂಡರೆ ಸಾಲದೆ, ಚುನಾವಣೆಯಿಂದ ಊರು ಒಡೆಯುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. 2021ರಲ್ಲಿ ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಆ ಕಾಲದಲ್ಲಿ ಪ್ರಶ್ನೆ ಕೇಳಬೇಕಾದವನು ಯಾರ ಬಾಗಿಲಿಗೆ ಹೋಗಬೇಕಾಗಿತ್ತು? ಜಗಳವಾಡುವ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಇಳಿಸಬಹುದು. ಮೌನವಾಗಿರುವ ಕಡತವನ್ನು ಇಳಿಸುವುದು ಹೇಗೆ?

ಮೂರನೆಯ ಆಕ್ಷೇಪ ನಮ್ಮಂತಹವರದು. ಪದವಿ ಪಡೆದು ಬೆಂಗಳೂರಿನ ಬಸ್ಸು ಹತ್ತುವವರಿಗೆ ಕೆರೆಯ ತೂಬಿನ ಯೋಚನೆ ಏಕೆ? ಕೆಲಸಕ್ಕಾಗಿ ಊರು ಬಿಡುವುದು ತಪ್ಪಲ್ಲ. ಒಂದು ಕಾಲಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ಸುತ್ತಲಿನ ಹಳ್ಳಿಗಳ ಮಕ್ಕಳು ಹೋಗುತ್ತಿದ್ದರು; ಈಗ ಇನ್ನೂ ದೂರ ಹೋಗಬೇಕಾಗಿದೆ, ಅಷ್ಟೆ. ಆದರೆ ಮನೆಯಲ್ಲಿ ಮೊದಲು ಅಕ್ಷರ ಕಲಿತವರ ಮೇಲೆ ಒಂದು ಋಣವಿದೆ. ಓದುಬಲ್ಲ ಸೇನಬೋವನೊಬ್ಬನನ್ನೇ ಇಡೀ ಊರು ನಂಬಬೇಕಾಗಿದ್ದ ಕಾಲ ಮುಗಿದಿದೆ. ನಾವೂ ಓದಬಲ್ಲೆವು. ಓದಬಲ್ಲವರು ಓದದೆ ಸಹಿ ಹಾಕಿದರೆ ಪೆತಾವುಸನಿಗಿಂತ ನಾವು ಯಾವುದರಲ್ಲಿ ಮೇಲು? ಪಾಪ, ಅವನಿಗೆ ಅಕ್ಷರವೇ ಬರುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆಗಳು ಮೂರು. ಒಂದು, ಪ್ರತಿ ಪಂಚಾಯಿತಿಯೂ ವರ್ಷದ ಕೆಲಸ, ಹಣ, ಮಾಡಿದವರ ಹೆಸರು ಇವನ್ನು ದೊಡ್ಡ ಅಕ್ಷರಗಳಲ್ಲಿ ಕೆರೆ ಏರಿಯ ಬಳಿ, ಶಾಲೆಯ ಗೋಡೆಯ ಮೇಲೆ, ಹಾಲಿನ ಡೇರಿಯ ಮುಂದೆ ಬರೆಯಿಸಲಿ. ಕಡತ ಆಫೀಸಿನಲ್ಲಿರಲಿ, ಲೆಕ್ಕ ಊರ ನಡುವೆ ಇರಲಿ. ಕಲ್ಲಿನ ಶಾಸನದಿಂದ ನಾವು ಕಲಿಯಬೇಕಾದುದು ಇಷ್ಟೇ. ಎರಡು, ನಮ್ಮ ಇತಿಹಾಸ ಮತ್ತು ರಾಜ್ಯಶಾಸ್ತ್ರ ವಿಭಾಗಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷದಲ್ಲಿ ಒಂದು ಸಲ ತನ್ನೂರಿನ ಗ್ರಾಮಸಭೆಯಲ್ಲಿ ಕೊನೆಯವರೆಗೆ ಕುಳಿತು, ಕಂಡದ್ದನ್ನು ಎರಡು ಪುಟ ಬರೆದು ತರಲಿ. ಶಿವಮೊಗ್ಗ, ಭದ್ರಾವತಿ ಪಟ್ಟಣಗಳ ಮಿತ್ರರು ತಮ್ಮ ತಮ್ಮ ವಾರ್ಡಿನ ಕೆಲಸಗಳ ಪಟ್ಟಿಯನ್ನು ಕೇಳಿ ತರಲಿ. ಅವುಗಳನ್ನು ಗ್ರಂಥಾಲಯದಲ್ಲಿ ಜೋಡಿಸಿಟ್ಟರೆ ಹತ್ತು ವರ್ಷಗಳಲ್ಲಿ ಅದು ನಮ್ಮ ತಾಲ್ಲೂಕಿನ ಚರಿತ್ರೆಯಾಗುತ್ತದೆ. ಮೂರು, ಲೆಕ್ಕವನ್ನು ಓದಿದ ಮೇಲೆಯೇ ಸಹಿಯ ಪುಸ್ತಕವನ್ನು ಹೊರಗೆ ತೆಗೆಯಬೇಕೆಂದು ನಾವು ಸಭೆಯಲ್ಲಿ ಕೇಳೋಣ. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ಪ್ರಾಚೀನ ಗ್ರಾಮಾಡಳಿತದ ಮೇಲೆ ಪ್ರಬಂಧ ಬರೆದು ಅಂಕ ಪಡೆಯುವುದು ಕಷ್ಟವಲ್ಲ. ಆ ಕಲ್ಲುಗಳನ್ನು ನಿಲ್ಲಿಸಿದವರು ತಮ್ಮ ಊರಿನ ಕೆರೆ, ತಮ್ಮ ಊರಿನ ದನ, ತಮ್ಮ ಊರಿನ ಭೂಮಿ ಇವುಗಳ ಲೆಕ್ಕವನ್ನು ಮುಂದಿನವರಿಗೆ ತಿಳಿಯಲೆಂದು ಬರೆಯಿಸಿದರು. ಆ ಮುಂದಿನವರ ಪಟ್ಟಿಯಲ್ಲಿ ನಮ್ಮಂತಹವರ ಮನೆಗಳು ಇದ್ದಿರಲಾರವು; ಈಗ ಇವೆ. ಬರಲಿರುವ ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯ ಫಲಕದಲ್ಲಿ ನೋಡಿಕೊಂಡು, ಮನೆಯ ಹಿರಿಯರೊಬ್ಬರನ್ನೂ ಅಕ್ಕತಂಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ನನ್ನ ಸಹಪಾಠಿಗಳಲ್ಲಿ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.